ಎಣ್ಣೆ ಹಚ್ಚಿದ ಖಾತ್ರಿ

ಈ ಕಥೆಯನ್ನು ನಮಗೆ ಮೊದಲು ಹೇಳಿದವಳು ಪೀರಬಿ. ಹೇಳಿದ್ದು ಝಳಕಿಯಲ್ಲಿ, ಸಂಗಣ್ಣನ ಮನೆಯ ಅಂಗಳದಲ್ಲಿ, ಸಾವಿರದ ಒಂಬೈನೂರ ಐವತ್ತೊಂಬತ್ತರ ಮಹಾನವಮಿ ಹತ್ತಿರ ಬಂದಾಗ. ಹೊಲದಿಂದ ತಂದು ಸುರುವಿದ ಹೆಸರುಕಾಯಿಯ ಸುತ್ತ ಓಣಿಯ ಹೆಂಗಸರು ಗಂಡಸರೆಲ್ಲ ಕೂಡಿ ಕುಳಿತಿದ್ದೆವು. ಕೈಗೆ ಕೆಲಸವಿತ್ತು, ಕಿವಿ ಖಾಲಿ ಇದ್ದವು.

ಪೀರಬಿ ಮುಲ್ಕಿ ಪರೀಕ್ಷೆ ಪಾಸಾಗಿ ಓದು ಬರಹ ಬಲ್ಲ ಹುಡುಗಿ. ಇಂಡಿಯಲ್ಲಿ ತನ್ನ ಖಾಲಾ, ಅಂದರೆ ತಾಯಿಯ ಅಕ್ಕ, ಲಾಲಬಿಯ ಮನೆಯಲ್ಲಿದ್ದವಳು ಊರಿಗೆ ಬಂದಿದ್ದಳು. ಲಾಲಬಿಯ ಗಂಡ ಮಶಾಕಸಾಬ ಬಂದೂಕು ದುರಸ್ತಿ ಮಾಡುವವನು. ಬೆಳೆ ಕಾಯಲು ಲೈಸನ್ಸಿನ ಬಂದೂಕು ಇಟ್ಟುಕೊಂಡ ರೈತರಿಗಾಗಿ ಅವನೇ ಒಂದು ಕೈಮಷಿನ್ ಮಾಡಿ ಮಾರುತ್ತಿದ್ದ. ಹಾರಿಸಿ ಖಾಲಿಯಾದ ಹಿತ್ತಾಳೆಯ ಕಾಡತೂಸನ್ನು ಅದರಲ್ಲಿಟ್ಟು ಮತ್ತೆ ತುಂಬಿಕೊಳ್ಳಬಹುದಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನಲ್ಲಿ ಅವನ ಮಷಿನ್ ಇದ್ದವು.

"ರಾಜಾ ರಾಣಿ ಕಥಿ ಬ್ಯಾಡವಾ ಪೀರವ್ವಾ, ನಿದ್ದಿ ಬರತೈತಿ," ಅಂದ ಸಂಗಣ್ಣ.

"ಬೈಗಳದ ಕಥಿ ಹೇಳ್ತೇನಿ ಕಾಕಾ. ಇಬ್ಬರ ಬೈದಾಟ. ನಗಬ್ಯಾಡ್ರಿ ಮತ್ತ, ನಕ್ಕವರಿಗೆ ಕಡೀಕ ಕೆಲಸ ಐತಿ," ಅಂದಳು ಅವಳು.

ಕೊಲ್ಹಾರದಿಂದ ಬಂದ ಪತ್ರಗಳು ಅವಳ ಚೀಲದಲ್ಲಿದ್ದವು, ಓದಿದಳು. ಲಾಲಬಿಯ ಪತ್ರಗಳು ಬಾಯಲ್ಲೇ ಇದ್ದವು, ಯಾಕೆಂದರೆ ಖಾಲಾ ಹೇಳಿದ್ದನ್ನು ಬರೆದವಳು ಅವಳೇ. "ಆಕಿ ಮಾತನ್ನ ಸಾಲಿ ಭಾಷಾಕ್ಕ ತರತಿದ್ದೆ. ಸಿಟ್ಟ ತಲಿಗೇರಿದಲ್ಲಿ ಮಾತ್ರ ಹೆಂಗ ಬಂತೋ ಹಂಗ ಬರದೇನಿ. ಅದನ್ನ ತಿದ್ದಾಕ ಧೈರ್ಯ ಆಗಲಿಲ್ಲ."

*

ಕೊಲ್ಹಾರ
೧೪ ನವೆಂಬರ್ ೧೯೫೮

ಇಂಡಿಯ ಬಂದೂಕು ದುರಸ್ತಿ ಅಂಗಡಿಯ ಮಶಾಕಸಾಬರಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಷಿನಿನಲ್ಲಿ ತುಂಬಿದ ಕಾಡತೂಸು ಹಾರಲಿಲ್ಲ. ಹಾರದೆ ಒಬ್ಬ ಮನುಷ್ಯನನ್ನು ಕೆಡವಿತು.

ನಮ್ಮ ಹೊಳೆದಂಡೆಯ ಶೇಂಗಾ ಹೊಲಗಳಿಗೆ ಹಂದಿ ಬೀಳುವುದು ನಿಮಗೆ ಗೊತ್ತು. ಊರವರ ಹೊಲಗಳೆಲ್ಲ ನನ್ನ ಒಂದು ಬಂದೂಕಿನ ಮೇಲೆ ನಿಂತಿವೆ. ಮೊನ್ನೆ ನಸುಕಿನಲ್ಲಿ ಕುರಿ ಕಾಯುವ ಚಂದ್ರಾಮನನ್ನು ಕರೆದುಕೊಂಡು ಹೋಗಿದ್ದೆ. ಅವನು ಕೋಲಿನಿಂದ ಹೊಳೆದಂಡೆಯ ಆಪಿನ ಹುಲ್ಲು ಬಡಿದು ಹಂದಿ ಎಬ್ಬಿಸುವುದು, ನಾನು ಹೊಡೆಯುವುದು. "ಗೌಡ್ರ, ತಪ್ಪಂಗಿಲ್ಲಲ್ರಿ?" ಎಂದು ಕೇಳಿದ. "ನೀ ಎಬ್ಬಸು, ಮುಂದಿಂದು ನಂದು," ಎಂದೆ. ಹಂದಿ ಎದ್ದಿತು. ಬಂದೂಕಿನ ಕುದುರೆ ಒತ್ತಿದೆ. ಟಕ್. ಇನ್ನೊಂದು ನಳಿಗೆ ಒತ್ತಿದೆ. ಟಕ್. ಅಷ್ಟೇ. ಹಂದಿ ನನ್ನ ಕಡೆ ನೋಡಲಿಲ್ಲ, ಚಂದ್ರಾಮನ ಕಡೆ ತಿರುಗಿತು. ತೊಡೆ ಸೀಳಿದೆ. ಬಾಗೇವಾಡಿಯ ದವಾಖಾನೆಯಲ್ಲಿ ಮಲಗಿದ್ದಾನೆ. ಕಾಲು ಉಳಿಯುತ್ತದೆ, ಆದರೆ ಮೊದಲಿನ ಹಾಗೆ ನಡೆಯುವುದು ಅನುಮಾನ ಎನ್ನುತ್ತಾರೆ.

ಮನೆಗೆ ಬಂದು ಆ ಮಷಿನಿನಲ್ಲಿ ತುಂಬಿಟ್ಟ ಉಳಿದ ಕಾಡತೂಸು ನೋಡಿದೆ. ಅವೂ ಹಾಗೇ, ಟಕ್ ಎಂದು ಸುಮ್ಮನಾದವು.

ನಿಮ್ಮ ಮಾತು ನೆನಪಿದೆಯೇ? ನಿಮ್ಮ ಅಂಗಡಿಯ ಬೆಂಚಿನ ಮೇಲೆ ನನ್ನನ್ನೂ ನಮ್ಮ ಅವ್ವನನ್ನೂ ಕೂಡಿಸಿ ಚಹಾ ತರಿಸಿ ಹೇಳಿದ್ದಿರಿ: "ಗೌಡ್ರ, ಇದು ನಿಮ್ಮ ಮನ್ಯಾಗ ಇದ್ರೂ ನನ್ನ ಮಷಿನ್. ನಾ ಇರೂತನಕ ಇದಕ್ಕ ಏನ ಆದ್ರೂ ನನ್ನ ಮ್ಯಾಲ ಹಾಕ್ರಿ." ಈಗ ಹಾಕಿದ್ದೇನೆ. ನೀವು ಹೇಳಿದ ಷರತ್ತನ್ನು ನಾವು ಒಂದು ವರ್ಷವೂ ತಪ್ಪಿಸಿಲ್ಲ. ನೀವು ನಿಮ್ಮದನ್ನು ತಪ್ಪಿಸಬೇಡಿ.

ಸಿದ್ದರಾಯ

*

ಕೊಲ್ಹಾರ
೨೦ ಡಿಸೆಂಬರ್ ೧೯೫೮

ಮಶಾಕಸಾಬರಿಗೆ,

ಉತ್ತರವಿಲ್ಲ. ಮಾರುವಾಗ ಬೆಲ್ಲದಂಥ ಬಾಯಿ, ಕೇಳುವಾಗ ಹೊಲಿದ ಬಾಯಿ. ಇಂಥ ಮನುಷ್ಯ ನೀವು ಎಂದು ನನಗೆ ಗೊತ್ತಿರಲಿಲ್ಲ.

ಊರಲ್ಲಿ ನನಗೆ ಹೊಸ ಹೆಸರು ಬಿದ್ದಿದೆ. ಟಕ್ ಗೌಡ. ಕಟ್ಟೆಯ ಮೇಲೆ ಕುಳಿತವರು ನಾನು ದಾಟಿ ಹೋಗುವಾಗ ನಾಲಗೆಯಿಂದ ಟಕ್ ಅನ್ನಿಸುತ್ತಾರೆ. ಅದನ್ನು ತಡೆದುಕೊಳ್ಳುತ್ತೇನೆ. ದವಾಖಾನೆಗೆ ಹೋದಾಗ ಚಂದ್ರಾಮ ಏನೂ ಅನ್ನದೆ ನನ್ನ ಮುಖ ನೋಡುತ್ತಾನಲ್ಲ, ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ಅವನೂ ಬೈದಿದ್ದರೆ ಚೆನ್ನಾಗಿತ್ತು.

ಎಳ್ಳ ಅಮಾವಾಸ್ಯೆಯವರೆಗೆ ನೋಡುತ್ತೇನೆ. ಆಮೇಲೆ ವಿಜಾಪುರದ ಕಚೇರಿಗೆ ಹೋಗಿ ನಿಮ್ಮ ಅಂಗಡಿಯ ಲೈಸನ್ಸಿನ ಮೇಲೆ ತಕರಾರು ಅರ್ಜಿ ಕೊಡುತ್ತೇನೆ. ಇಂಥ ಅಂಗಡಿ ತೆರೆದಿರಬಾರದು.

ಸಿದ್ದರಾಯ

*

ಇಂಡಿ
೩ ಜನವರಿ ೧೯೫೯

ಕೊಲ್ಹಾರದ ಸಿದ್ದರಾಯ ಗೌಡರಿಗೆ ಲಾಲಬಿ ಹೇಳಿ ಬರೆಸಿದ್ದು.

ನಿಮ್ಮ ಎರಡೂ ಪತ್ರ ಮುಟ್ಟಿವೆ. ಯಾರಿಗೆ ಬರೆದಿದ್ದೀರೋ ಅವರು ಶ್ರಾವಣದಲ್ಲೇ ಮಣ್ಣಿಗೆ ಹೋದರು. ಕೆಲಸ ಮಾಡುತ್ತಲೇ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ನೀವು ಹಂದಿ ಹೊಡೆಯಲು ಹೋಗುವ ಮೊದಲೇ ಅವರು ಹೋಗಿ ಆಗಿತ್ತು. ಅವರಿಂದ ಉತ್ತರ ಬೇಕಾಗಿದ್ದರೆ ನಮ್ಮೂರ ಹೊರಗೆ ಖಬರಸ್ತಾನವಿದೆ, ಮುಂದಿನ ಪತ್ರ ಅಲ್ಲಿಗೆ ಹಾಕಿ.

ಹೊಲಿದ ಬಾಯಿ ಎಂದು ಬರೆದಿದ್ದೀರಿ. ಹೌದ್ರಿ ಗೌಡ್ರ, ಹೊಲದೈತಿ. ಬಿಳಿ ಅರಿವಿ ಹಾಕಿ ಹೊಲದ ಕಳಿಸೇವಿ.

ನಿಮ್ಮ ಪತ್ರ ಪೀರಬಿ ಓದಿದಳು. "ನಾ ಇರೂತನಕ" ಎಂದು ಅವರು ಹೇಳಿದ್ದರೆಂದು ನೀವೇ ಬರೆದಿದ್ದೀರಿ. ಅವರು ಈಗ ಇಲ್ಲ. ಖಾತ್ರಿ ಅಲ್ಲಿಗೆ ಮುಗಿಯಿತು. ಆ ಮನುಷ್ಯ ಚಹಾ ಕುಡಿದವರಿಗೆಲ್ಲ ಖಾತ್ರಿ ಕೊಟ್ಟು ಹೋಗಿದ್ದಾರೆ. ಅವನ್ನೆಲ್ಲ ನಾನು ಹೊತ್ತುಕೊಂಡು ತಿರುಗಲು ಆಗುವುದಿಲ್ಲ.

ವಿಜಾಪುರಕ್ಕೆ ಹೋಗುತ್ತೇನೆ ಎಂದು ಹೆದರಿಸಿದ್ದೀರಿ. ಅಂಗಡಿಯ ಲೈಸನ್ಸು ಇನ್ನೂ ಅವರ ಹೆಸರಲ್ಲಿದೆ. ನನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಿದ್ದೇನೆ. ಅವರ ಜೊತೆ ಕೂತು ಕಬ್ಬಿಣ ಉಜ್ಜಿದ ಕೈ ನನ್ನದು, ಬೇರೆ ಕೆಲಸ ನನಗೆ ಬರುವುದಿಲ್ಲ. ನಿಮ್ಮ ಅರ್ಜಿ ಹೋದರೆ ನನ್ನ ಅರ್ಜಿ ಬೀಳುತ್ತದೆ, ಅಂಗಡಿ ಮುಚ್ಚುತ್ತದೆ. ಇಷ್ಟು ತಿಳಿದ ಮೇಲೂ ಕೊಡುವುದಿದ್ದರೆ ಕೊಡಿ. ನಾನು ಕಾಲು ಹಿಡಿಯುವವಳಲ್ಲ.

ಲಾಲಬಿ

*

ಇಲ್ಲಿ ಪೀರಬಿ ಉಸಿರು ತೆಗೆದುಕೊಂಡಳು. ಸಂಗಣ್ಣ, "ಮುಗೀತ ಬಿಡ. ಸತ್ತ ಮ್ಯಾಲ ಯಾವ ಖಾತ್ರಿ?" ಅಂದ. ಬದಿಗೆ ಕುಳಿತ ಸೈದಾಬಿ ಅವನತ್ತ ಹೆಸರಿನ ಸಿಪ್ಪೆ ಒಗೆದು, "ನೀ ಸುಮ್ನ ಕಾಯಿ ಬಿಡಸು. ಆ ಚಂದ್ರಾಮನ ಕಾಲ ಮುಗದೈತೇನ?" ಅಂದಳು.

*

ಕೊಲ್ಹಾರ
೧೯ ಜನವರಿ ೧೯೫೯

ಲಾಲಬಿಯವರಿಗೆ,

ಸತ್ತವರನ್ನು ಬೈದೆ. ತಿಳಿಯದೆ ಬೈದೆ. ಪತ್ರ ಓದಿದ ದಿನ ಊಟ ಸೇರಲಿಲ್ಲ. ಅವರು ಒಳ್ಳೆಯ ಮನುಷ್ಯ, ಇಂಡಿಯ ಕಡೆ ಬಂದರೆ ನಾನು ಮೊದಲು ಹೋಗುತ್ತಿದ್ದುದೇ ಅವರ ಬೆಂಚಿಗೆ. ಇದನ್ನು ನಿಮಗೆ ಹೇಳಬೇಕಾಗಿತ್ತು, ಹೇಳಿದ್ದೇನೆ.

ಇನ್ನು ಸಿಟ್ಟಿನ ಮಾತು. ಅವರು ಹೋದದ್ದು ಚಂದ್ರಾಮನ ತೊಡೆಗೆ ಗೊತ್ತಿಲ್ಲ. ನಿಮ್ಮ ಪತ್ರ ಅಷ್ಟು ಉದ್ದ ಇದೆ, ಆ ಬಡವ ಹೇಗಿದ್ದಾನೆ ಎಂದು ಅದರಲ್ಲಿ ಒಂದು ಮಾತಿಲ್ಲ.

ನಮ್ಮೂರಿನವನೊಬ್ಬ ಮೊನ್ನೆ ಇಂಡಿಗೆ ಹೋಗಿದ್ದ. ಅಂಗಡಿ ತೆರೆದಿದೆಯಂತೆ. ಬಾಗಿಲ ಮೇಲೆ 'ಮಶಾಕಸಾಬ, ಬಂದೂಕು ದುರಸ್ತಿ' ಎಂಬ ಬೋರ್ಡೂ ಹಾಗೇ ಇದೆಯಂತೆ. ಅವರ ಹೆಸರು ಗಿರಾಕಿ ಕರೆಯಲು ಇದೆ, ಅವರ ಮಾತು ಮಾತ್ರ ಖಬರಸ್ತಾನಕ್ಕೆ ಹೋಗಿದೆ. ಇದು ಯಾವ ನ್ಯಾಯ? ಒಂದೋ ಮಾತು ಉಳಿಸಿಕೊಳ್ಳಿ, ಇಲ್ಲವೇ ಬೋರ್ಡು ಇಳಿಸಿ.

ವಿಜಾಪುರಕ್ಕೆ ಹೋಗಿ ಅರ್ಜಿ ಕೊಟ್ಟು ಬಂದಿದ್ದೇನೆ. ಮುಚ್ಚಿಟ್ಟು ಮಾಡುವವನಲ್ಲ, ಅದಕ್ಕೇ ತಿಳಿಸುತ್ತಿದ್ದೇನೆ.

ಸಿದ್ದರಾಯ

*

ಇಂಡಿ
೨ ಫೆಬ್ರವರಿ ೧೯೫೯

ಸಿದ್ದರಾಯ ಗೌಡರಿಗೆ,

ಬೋರ್ಡಿನ ಮಾತು ಇನ್ನೊಮ್ಮೆ ಎತ್ತಬೇಡಿ. ಅದರ ಅಕ್ಷರಕ್ಕೆ ಬಣ್ಣ ತುಂಬಿದವಳು ನಾನು.

ಮಷಿನ್ ಕಳಿಸಿ. ಬಸ್ಸಿನಲ್ಲಿ ಯಾರಾದರೂ ಬರುವವರ ಕೈಯಲ್ಲಿ ಕೊಡಿ. ಒರೆಸಬೇಡಿ, ತೊಳೆಯಬೇಡಿ, ಬಿಚ್ಚಬೇಡಿ. ಹೇಗಿದೆಯೋ ಹಾಗೇ ಬರಲಿ. ತಪ್ಪು ಯಾರದು ಎಂದು ನಾನು ನೋಡುತ್ತೇನೆ. ನಮ್ಮದಿದ್ದರೆ ನಮ್ಮದು. ನಿಮ್ಮದಿದ್ದರೆ ಅದನ್ನೂ ವಿಜಾಪುರಕ್ಕೆ ಬರೆಯಬೇಕು, ಈಗಲೇ ಹೇಳಿರುತ್ತೇನೆ.

ಚಂದ್ರಾಮ ಹೇಗಿದ್ದಾನೆ?

ಲಾಲಬಿ

*

ಇಂಡಿ
೯ ಮಾರ್ಚ್ ೧೯೫೯

ಸಿದ್ದರಾಯ ಗೌಡರಿಗೆ,

ಚಂದ್ರಾಮ ಕೋಲು ಹಿಡಿದು ಮನೆಗೆ ಬಂದನೆಂದು ಮಷಿನ್ ತಂದವನು ಹೇಳಿದ. ಅಷ್ಟು ಕೇಳಿ ಸಮಾಧಾನವಾಯಿತು. ಮಷಿನಿಗೆ ಸುತ್ತಿದ ಬಟ್ಟೆ ಬಿಚ್ಚಿ ನೋಡಿದ ಮೇಲೆ ಆ ಸಮಾಧಾನ ಹೋಯಿತು.

ಗೌಡ್ರ, ನೀವು ಕಳಿಸಿದ್ದು ಮಷಿನ್ನೋ ಮನೀದೇವ್ರೋ? ಮ್ಯಾಲ ಕುಂಕುಮ, ಅರಿಶಿಣ. ಹಿಡಕಿಗೆ ಹೂವಿನ ದಾರ. ಮೈತುಂಬ ಕುಸುಬಿ ಎಣ್ಣಿ ಹೊಯ್ದ ಬಿಟ್ಟೀರಿ. ಪೀರಬಿ ಹಿಡದ ಕೂಡ್ಲೆ ಕೈ ಜಾರಿ ಕಾಲ ಮ್ಯಾಲ ಕೆಡವಿಕೊಂಡ್ಲು!

ಹಿಡಿಕೆಯ ಕೆಳಗೆ ಕೇಪು ಇಡಲು ಒಂದು ಗೂಡು ಇದೆಯಲ್ಲ, ಅದನ್ನು ತೆರೆದೆ. ಕೇಪುಗಳು ಉಪ್ಪಿನಕಾಯಿಯ ಹಾಗೆ ಎಣ್ಣೆಯಲ್ಲಿ ಮುಳುಗಿ ಕುಳಿತಿವೆ. ಕೇಪು ಅಂದರೇನು ಎಂದು ಬಂದೂಕು ಹಿಡಿದವರಿಗೆ ನಾನು ಹೇಳಬೇಕೇ? ಕಾಡತೂಸಿನ ಬುಡದಲ್ಲಿ ಕೂರುವ ಆ ಚಿಕ್ಕ ತಾಮ್ರದ ಟೋಪಿಗೆ ಪೆಟ್ಟು ಬಿದ್ದರೆ ಅದು ಕಿಡಿ ಕೊಡಬೇಕು, ಆ ಕಿಡಿಗೆ ಮದ್ದು ಹತ್ತಬೇಕು. ಎಣ್ಣೆ ತಾಗಿದರೆ ಕೇಪು ಸತ್ತುಹೋಗುತ್ತದೆ. ಅಂಥ ಕೇಪು ಕೂರಿಸಿ ತುಂಬಿದರೆ ನೀವು ಎಷ್ಟು ಒತ್ತಿದರೂ ಟಕ್ ಅನ್ನುತ್ತದೆ, ಅಷ್ಟೇ.

ಮಷಿನ್ ತೊಳೆದು ಹೊಸ ಕೇಪು ಕೂರಿಸಿ ಅಂಗಡಿಯ ಹಿಂದೆ ಹಾರಿಸಿ ನೋಡಿದೆ. ಒಂದೂ ತಪ್ಪಲಿಲ್ಲ. ಮಷಿನಿನಲ್ಲಿ ದೋಷವಿಲ್ಲ. ಎಣ್ಣೆ ಹೊಯ್ದವರು ನಿಮ್ಮ ಮನೆಯವರು. ಆ ಹುಡುಗನ ತೊಡೆ ಸೀಳಿದ್ದು ನಿಮ್ಮ ಮನೆಯ ಎಣ್ಣೆ. ಸತ್ತ ನನ್ನ ಗಂಡನನ್ನು ಬೈದಿರಿ, ನನ್ನ ಬೋರ್ಡಿಗೆ ಕೈ ಹಾಕಿದಿರಿ, ವಿಜಾಪುರಕ್ಕೆ ಹೋದಿರಿ. ಈಗ ಇನ್ನೊಮ್ಮೆ ಹೋಗಿ, ಇದನ್ನೂ ಹೇಳಿ ಬನ್ನಿ.

ಲಾಲಬಿ

*

ಕೊಲ್ಹಾರ
೨೮ ಮಾರ್ಚ್ ೧೯೫೯

ಲಾಲಬಿಯವರಿಗೆ,

ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಎಣ್ಣೆ ಹಚ್ಚಿದವಳು ನಮ್ಮ ಅವ್ವ ರೇವವ್ವ. ಹಚ್ಚಿರೆಂದು ಹೇಳಿದವರು ಯಾರು? ನಿಮ್ಮ ಗಂಡ. ನಿಮ್ಮ ಅಂಗಡಿಯಲ್ಲಿ, ನಿಮ್ಮ ಬೆಂಚಿನ ಮೇಲೆ. ಅವ್ವ ಮಷಿನ್ ನೋಡಿ ಕೇಳಿದಳು, "ಸಾಬರ, ಮಹಾನವಮ್ಯಾಗ ಬಂದೂಕಿನ ಸಂಗಾಟ ಇದಕ್ಕೂ ಪೂಜಿ ಮಾಡಬೇಕೇನ್ರಿ?" ಅವರು ನಕ್ಕು, "ಮಾಡ್ರಿ ಯವ್ವಾ, ಯಾಕ ಮಾಡಬಾರದು? ವರ್ಷಾ ಎಣ್ಣಿ ಹಚ್ಚಿ ಕೈ ಮುಗೀರಿ, ತುಕ್ಕ ಹಿಡಿಯಂಗಿಲ್ಲ. ಎಣ್ಣಿ ಹಚ್ಚಿದ ಮಷಿನಿಗೆ ನನ್ನ ಖಾತ್ರಿ. ಹಚ್ಚದಿದ್ರ ನನ್ನ ಕೇಳಬ್ಯಾಡ್ರಿ," ಎಂದರು. ಇದೇ ಆ ಷರತ್ತು. ತಪ್ಪಿಸಿಲ್ಲ ಎಂದು ನನ್ನ ಮೊದಲ ಪತ್ರದಲ್ಲೇ ಬರೆದಿದ್ದೆ.

ಮೊದಲ ವರ್ಷ ಅವ್ವ ಒಂದು ಬೆರಳು ಹಚ್ಚಿದಳು. ಕಳೆದ ಮಹಾನವಮಿಗೆ, ಬೆಳೆ ಚೆನ್ನಾಗಿ ಬಂದಿದೆ ಎಂಬ ಖುಷಿಗೆ, ಕೈತುಂಬ ಹಚ್ಚಿದಳು. ಆ ಎಣ್ಣೆ ನಮ್ಮ ಮನೆಗೆ ಹೊಸದಾಗಿ ಗಾಣ ಹಾಕಿಸಿ ತಂದದ್ದು. ಮನುಷ್ಯರು ತಿನ್ನುವ ಮೊದಲು ನಿಮ್ಮ ಮಷಿನಿಗೆ ಹಚ್ಚಿದಳು.

ನೀವು ಬರೆದದ್ದನ್ನು ನಾನು ಗಟ್ಟಿಯಾಗಿ ಓದುತ್ತಿದ್ದಾಗ ಅವಳು ಒಳಗಿನಿಂದ ಕೇಳಿಸಿಕೊಂಡಿದ್ದಾಳೆ. "ಹಂಗಾರ ಚಂದ್ರಾಮನ ಕಾಲ ನಾ ಮುರದೆ ಏನೋ?" ಎಂದು ಒಮ್ಮೆ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೋದಳು. ಅಂದಿನಿಂದ ತಲೆಗೆ ಎಣ್ಣೆ ಹಚ್ಚಿಲ್ಲ. ಕೂದಲು ಒಣಹುಲ್ಲಾಗಿದೆ. ಒಗ್ಗರಣೆಗೆ ಎಣ್ಣೆ ಹಾಕುವಾಗ ಮುಖ ತಿರುಗಿಸುತ್ತಾಳೆ. ನನ್ನ ಹೆಂಡತಿ ಬಟ್ಟಲು ಹಿಡಿದು ಹೋದರೆ "ಆ ಕಡಿ ಒಯ್ಯಿ" ಅನ್ನುತ್ತಾಳೆ.

ಚಂದ್ರಾಮನ ಕಾಲು ಹಂದಿ ತೆಗೆಯಿತು. ನಮ್ಮ ಅವ್ವನ ಜೀವ ನಿಮ್ಮ ಪತ್ರ ತೆಗೆಯುತ್ತಿದೆ. ನಿಮ್ಮ ಗಂಡ ಹೇಳಿದ್ದನ್ನು ಮಾಡಿದ್ದಕ್ಕೆ ನಿಮ್ಮ ಬಾಯಿಂದ ಬೈಸಿಕೊಂಡಳು. ನೀವೇ ಹೇಳಿ, ಇನ್ನು ಯಾರ ಮೇಲೆ ಹಾಕಲಿ?

ಮಷಿನ್ ನೀವೇ ಇಟ್ಟುಕೊಳ್ಳಿ. ನನಗೆ ಬೇಡ.

ಸಿದ್ದರಾಯ

*

"ಇದಕ್ಕ ಖಾಲಾ ಉತ್ತರ ಹೇಳಲಿಲ್ಲ," ಅಂದಳು ಪೀರಬಿ. "ನಾ ದೌತಿ ಕಾಗದ ತಗೊಂಡ ಬರಿಯಾಕ ಕುಂತ್ರ ಎದ್ದ ಹೋಗತಿದ್ಲು. ಬ್ಯಾಸಗಿ ಪೂರಾ ಹಂಗ ಹೋತು. ಅಂಗಡ್ಯಾಗ ಆ ಮಷಿನ್ ಮುಂದ ಇಟ್ಕೊಂಡ ಅದಕ್ಕ ಬೈಕೊಂತ ಕುಂಡ್ರತಿದ್ಲು." ಸಂಗಣ್ಣ ಒಂದೇ ಹೆಸರುಕಾಯಿಯನ್ನು ಬಹಳ ಹೊತ್ತು ಬಿಡಿಸುತ್ತಿದ್ದ.

*

ಇಂಡಿ
೧೫ ಜೂನ್ ೧೯೫೯

ಕೊಲ್ಹಾರದ ರೇವವ್ವನಿಗೆ, ಅವಳ ಮಗ ಸಿದ್ದರಾಯನಿಗೆ,

ಸಿದ್ದರಾಯ, ಇದನ್ನು ನಿನ್ನ ಅವ್ವನ ಮುಂದೆ ಕುಳಿತು ಗಟ್ಟಿಯಾಗಿ ಓದು.

ಯಕ್ಕಾ, ತಪ್ಪು ನಿನ್ನದಲ್ಲ. ನಮ್ಮದು. ನಮ್ಮ ಅಂಗಡಿಯದು.

ನಮ್ಮ ಮನೆಯವರು ಮೊದಲು ಮಾಡಿದ ಮಷಿನಿಗೆ ಕೇಪಿನ ಗೂಡು ಇರಲಿಲ್ಲ. ಬರೀ ಕಬ್ಬಿಣ, ಒಂದು ಹಿಡಿಕೆ. ಹೊಳೆಸಾಲಿನ ಊರುಗಳಿಂದ ತುಕ್ಕು ಹಿಡಿದು ತಿರುಗಿ ಬರುತ್ತಿದ್ದವು. ಎಷ್ಟು ಹೇಳಿದರೂ ರೈತರು ಎಣ್ಣೆ ಹಚ್ಚುತ್ತಿರಲಿಲ್ಲ. ಹಬ್ಬದ ಜೊತೆ ಹೇಳಿದರೆ ಮರೆಯುವುದಿಲ್ಲ ಎಂದು ಯೋಚಿಸಿ, ಮಹಾನವಮಿಗೆ ಎಣ್ಣೆ ಹಚ್ಚಿದರೆ ಖಾತ್ರಿ ಎನ್ನಲು ಶುರು ಮಾಡಿದರು. ಮಷಿನ್ ಬಾಳಿಕೆ ಬಂದವು. ಆಮೇಲೆ ಗಿರಾಕಿಗಳು, ಕೇಪು ಚೆಲ್ಲಿ ಹೋಗುತ್ತವೆ, ಎಲ್ಲಿ ಇಡೋಣ ಎಂದು ಕೇಳಿದರು. ಹಿಡಿಕೆಯ ಕೆಳಗೆ ಗೂಡು ಮಾಡಿ ಕೊಟ್ಟರು. ಮಷಿನ್ ಬದಲಾಯಿತು, ಬಾಯಿಗೆ ಕುಳಿತ ಮಾತು ಬದಲಾಗಲಿಲ್ಲ. ಹಿಡಿಕೆಗೆ ಹಚ್ಚಿದ ಎಣ್ಣೆ ಎಲ್ಲಿಗೆ ಇಳಿಯುತ್ತದೆ ಎಂದು ಅವರು ನೋಡಲಿಲ್ಲ. ಒಳಗೆ ಕುಳಿತು ಆ ಮಾತನ್ನು ದಿನಾ ಕೇಳುತ್ತಿದ್ದ ನಾನೂ ನೋಡಲಿಲ್ಲ.

ಇದು ತಿಳಿದ ದಿನ ಖಬರಸ್ತಾನಕ್ಕೆ ಹೋದೆ. ಒಳಗೆ ಹೋಗಲಿಲ್ಲ, ಗೋಡೆಯ ಹೊರಗೆ ನಿಂತೆ. ಬದುಕಿದ್ದಾಗ ಅವರ ಹೆಸರು ಬಾಯಲ್ಲಿ ತಂದವಳಲ್ಲ. ಆವತ್ತು ಹೆಸರ ಹಿಡದ ಕೂಗಿದೆ. ಏ ಮಶಾಕಸಾಬಾ, ಏಳು! ನಾಕ ತಾಲೂಕಿಗೆ ಖಾತ್ರಿ ಕೊಟ್ಟ ಬಂದಿ, ಯಾರದೋ ಕಾಲ ಹೋತು, ಯಾವ ಮುದುಕೀನೋ ತಲಿ ಒಣಗಿಸಿಕೊಂಡ ಕುಂತಾಳ. ಕೇಳಾಕ ಬಂದವರ ಮುಂದ ನಾ ಒಬ್ಬಾಕಿ ನಿಂತೇನಿ. ಎಲ್ಲಾರಿಗೂ ನಾ ಇರೂತನಕ, ನಾ ಇರೂತನಕ ಅಂದಿ. ನನಗ ಒಂದ ಮಾತ ಹೇಳದ ಎದ್ದ ಹೋದ್ಯಲ್ಲ! ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎಂದು ಇನ್ನಷ್ಟು ಬೈದೆ.

ಸಿದ್ದರಾಯ, ಈ ಪತ್ರವನ್ನು ನೀನು ವಿಜಾಪುರಕ್ಕೆ ಒಯ್ದರೆ ನನ್ನ ಅಂಗಡಿ ಮುಚ್ಚಬಹುದು. ಗೊತ್ತಿದ್ದೇ ಬರೆಸುತ್ತಿದ್ದೇನೆ. ಪೀರಬಿ ಬೇಡ ಎನ್ನುತ್ತಿದ್ದಾಳೆ. ಬರಿ ಅಂದ್ರ ಬರಿ ಎಂದು ಅವಳಿಗೂ ಬೈದಿದ್ದೇನೆ.

ನಿಮ್ಮ ಮಷಿನಿಗೆ ಬೇರೆ ಗೂಡು ಮಾಡಿದ್ದೇನೆ. ಹಿಡಿಕೆಯಿಂದ ದೂರ, ಬದಿಗೆ, ಮೇಲೊಂದು ಬಿಗಿ ಮುಚ್ಚಳ. ಸಿದ್ದರಾಯ, ನೀನು ಬೇಡ ಎಂದಿದ್ದೆ. ಆದರೂ ಕಳಿಸುತ್ತೇನೆ. ಯಕ್ಕಾ, ಕುಂಕುಮ ಹಚ್ಚು, ಹೂವು ಏರಿಸು, ಎಣ್ಣೆ ಮಾತ್ರ ನಿನ್ನ ತಲೆಗೆ ಹಚ್ಚು.

ಇನ್ನೊಂದು. ಇಂಥ ಮಷಿನ್ ಇನ್ನೂ ಎಷ್ಟೋ ಮನೆಯಲ್ಲಿವೆ. ಎಲ್ಲೆಲ್ಲಿ ಎಂದು ನನಗೆ ಗೊತ್ತಿಲ್ಲ. ಬೆಂಚಿನ ಮೇಲೆ ಬಾಯಿಮಾತಿನಲ್ಲಿ ಮಾರಿದ್ದು. ಮಹಾನವಮಿ ಬರುತ್ತಿದೆ. ಅಷ್ಟು ಮನೆಯ ಅವ್ವಂದಿರು ಎಣ್ಣೆಯ ಬಟ್ಟಲು ಹಿಡಿಯುತ್ತಾರೆ. ಅದಕ್ಕೆ ಮೊದಲು ಅವೆಲ್ಲ ನನ್ನ ಅಂಗಡಿಗೆ ಬರಬೇಕು. ನಿನಗೆ ಬಾಯಿ ದೊಡ್ಡದಿದೆ, ನನಗೆ ಗೊತ್ತು. ನನಗೂ ಸಣ್ಣದಲ್ಲ. ಮುದ್ದೇಬಿಹಾಳ, ಬಾಗೇವಾಡಿಯ ಕಡೆ ನೀನು ಕೂಗು. ಇಂಡಿ, ಸಿಂದಗಿಯ ಕಡೆ ನಾವು ಕೂಗುತ್ತೇವೆ.

ಲಾಲಬಿ

*

ಕೊಲ್ಹಾರ
೩೦ ಆಗಸ್ಟ್ ೧೯೫೯

ಲಾಲಬಿ ಅಕ್ಕನಿಗೆ,

ನಿಮ್ಮ ಪತ್ರ ಅವ್ವನ ಮುಂದೆ ಓದಿದೆ. "ಇನ್ನೊಮ್ಮೆ ಓದು," ಎಂದಳು. ಓದಿದೆ. "ಆಕಿ ಗೋಡಿ ಹೊರಗ ನಿಂತ ಬೈದದ್ದಷ್ಟ ಓದು," ಎಂದಳು. ಅದನ್ನೂ ಓದಿದೆ. ಆಮೇಲೆ ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದು ನನ್ನ ಹೆಂಡತಿಯ ಮುಂದೆ ಕುಳಿತಳು.

ಮುದ್ದೇಬಿಹಾಳದ ಸಂತೆಗೆ ಹೋಗಿ ಕೂಗಿದೆ. ಮಶಾಕಸಾಬನ ಮಷಿನಿಗೆ ಎಣ್ಣೆ ಹಚ್ಚಬೇಡಿರೆಂದರೆ ಜನ ನಕ್ಕರು. "ಗೌಡಗ ಬಿಸಲ ಹತ್ತೈತಿ" ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಇಬ್ಬರ ಕೊರಳಪಟ್ಟಿ ಹಿಡಿಯುವವನಿದ್ದೆ. ಜೊತೆಗೆ ಬಂದಿದ್ದ ಚಂದ್ರಾಮ ನನ್ನನ್ನು ಬದಿಗೆ ಸರಿಸಿ, ಧೋತರ ಎತ್ತಿ ತೊಡೆ ತೋರಿಸಿದ. "ನಗ್ರಿ, ನೋಡಿ ನಗ್ರಿ," ಎಂದ. ಯಾರೂ ನಗಲಿಲ್ಲ. ಒಬ್ಬ ಮುದುಕ ಅಲ್ಲಿಂದಲೇ ಊರಿಗೆ ಹೊರಟ, ಅವನ ಮನೆಯ ಮಷಿನ್ ಜಗಲಿಯ ಮೇಲೆ ದೇವರ ಪಕ್ಕದಲ್ಲೇ ಇದೆಯಂತೆ. ಈಗ ಸಂತೆಯಿಂದ ಸಂತೆಗೆ ಹೋಗುತ್ತಿದ್ದೇವೆ. ನಾನು ಕೂಗುತ್ತೇನೆ, ಚಂದ್ರಾಮ ತೋರಿಸುತ್ತಾನೆ.

ಮೊನ್ನೆ ದಾರಿಯಲ್ಲಿ ಅವನು ಕೊನೆಗೂ ನನಗೆ ಬೈದ. "ಗೌಡ್ರ, ಎರಡ ನಳಿಗಿ ಟಕ್ ಅಂದ ಮ್ಯಾಲ ಬಂದೂಕ ತಿರುವಿ ಹಂದಿ ತಲಿಗೆ ಹಾಕೂದ ಬಿಟ್ಟ, ಬಾಯಿ ತಕ್ಕೊಂಡ ನೋಡಕೊಂತ ನಿಂತಿದ್ರಲ್ರಿ!" ಎಂದ. ಹೌದು, ನಿಂತಿದ್ದೆ. ಆ ಬೈಗಳಿಗಾಗಿ ಇಷ್ಟು ದಿನ ಕಾದಿದ್ದೆ ಎಂದು ಕಾಣುತ್ತದೆ.

ನಿಮ್ಮ ಪತ್ರ ವಿಜಾಪುರಕ್ಕೆ ಒಯ್ದೆ. ನನ್ನ ಅರ್ಜಿಯ ಮೇಲೆ ಅದನ್ನಿಟ್ಟು ಸಾಹೇಬರಿಗೆ ಹೇಳಿದೆ: "ನಮ್ಮ ತಪ್ಪ ಅಂತ ತಾನ ಬರದ ಕೊಟ್ಟ ಅಂಗಡಿ ಇದೊಂದ ನೋಡ್ರಿ. ಇದನ್ನ ಮುಚ್ಚಿದ್ರ, ಒಪ್ಪಿಕೊಳ್ಳದವರ ಅಂಗಡಿ ಅಷ್ಟ ಉಳೀತಾವ." ಅವರು ಎರಡನ್ನೂ ಓದಿ, ವಿಚಾರ ಮಾಡುತ್ತೇವೆ ಎಂದರು. ನಾನು ನನ್ನ ಅರ್ಜಿ ತಿರುಗಿ ತೆಗೆದುಕೊಳ್ಳಲಿಲ್ಲ. ಅದರಲ್ಲಿ ಬರೆದದ್ದು ನಡೆದದ್ದೇ.

ಮಷಿನ್ ಮುಟ್ಟಿದೆ. ಹಾರುತ್ತಿದೆ. ಸಿಟ್ಟು ಪೂರಾ ಇಳಿದಿಲ್ಲ. ಇಳಿದ ದಿನ ಬೆಂಚಿಗೆ ಬಂದು ಚಹಾ ಕುಡಿಯುತ್ತೇನೆ.

ನಿಮ್ಮ ತಮ್ಮ
ಸಿದ್ದರಾಯ

*

ಪೀರಬಿ ಪತ್ರಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಹೆಸರಿನ ರಾಶಿ ಇನ್ನೂ ಅರ್ಧ ಇತ್ತು, ಯಾರ ಕೈಯೂ ಆಡುತ್ತಿರಲಿಲ್ಲ.

"ಲೈಸನ್ಸ್ ಬಂತೇನವಾ?" ಎಂದು ಕೇಳಿದಳು ಸೈದಾಬಿ.

"ಬಂದಿಲ್ಲ. ಇಲ್ಲ ಅಂತಾನೂ ಬಂದಿಲ್ಲ. ಖಾಲಾ ದಿನಾ ಬಾಗಿಲ ತಗೀತಾಳ. ಗಿರಾಕಿ ಕಡಿಮಿ." ಪೀರಬಿ ಸಂಗಣ್ಣನ ಕಡೆ ತಿರುಗಿದಳು. "ಕಾಕಾ, ನಿಮ್ಮ ಮನ್ಯಾಗ ಮಶಾಕ ಖಾಲೂನ ಮಷಿನ್ ಐತೇನ್ರಿ?"

ಸಂಗಣ್ಣನ ಹೆಂಡತಿಯೇ ಎದ್ದು ಹೋಗಿ ಜಗಲಿಯ ದೀಪದ ಬದಿಗೆ ನೋಡಿ ಬಂದಳು. "ಕುಂಕುಮ ಮೆತ್ತಿ ಕಬ್ಬಿಣ ಯಾವದು, ದೇವ್ರ ಯಾವದು ತಿಳಿಯದಂಗ ಆಗೈತಿ," ಅಂದಳು.

ಮರುದಿನ ಬೆಳಿಗ್ಗೆ ಇಂಡಿಯ ಬಸ್ಸಿಗೆ ಝಳಕಿಯಿಂದ ನಾವು ಒಂದು ಗುಂಪು ಹತ್ತಿದೆವು. ಮಷಿನ್ ಇದ್ದವರು ಅದನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಇಲ್ಲದವರು ಸುಮ್ಮನೆ ಜೊತೆಗೆ ಬಂದಿದ್ದೆವು. "ಏನ್ರಿ ಇದು, ಎಲ್ಲಾರೂ ಕೂಸ ಎತಗೊಂಡ ಹೊಂಟೀರಿ?" ಎಂದ ಕಂಡಕ್ಟರ್. ನಾವು ಇಂಡಿಗೆ ಮುಟ್ಟಿದಾಗ ಲಾಲಬಿ ಅಂಗಡಿಯ ಬಾಗಿಲು ತೆರೆದು ಕಟ್ಟೆ ಗುಡಿಸುತ್ತಿದ್ದಳು. ನಮ್ಮನ್ನು ನೋಡಿ ಕಸಬರಿಗೆ ಹಿಡಿದೇ ನಿಂತಳು. ಕ್ಷೇಮ ಕೇಳಲಿಲ್ಲ.

"ಎಣ್ಣಿ ಹಚ್ಚೀರೇನ?"

ಯಾರೂ ತಲೆ ಎತ್ತಲಿಲ್ಲ. "ಹಚ್ಚೇವ್ರಿ," ಅಂದ ಸಂಗಣ್ಣ.

"ಒಂದ ವರ್ಷ ಆತು. ಇತ್ತ ಯಾರೂ ಹಣಿಕಿ ಹಾಕಿ ನೋಡಲಿಲ್ಲ. ಯಾಕ?"

"ಸಾಬರ ಹೋದ್ರಲ್ರಿ. ಖಾತ್ರಿ ಮುಗದಿರಬೇಕ ಅನಕೊಂಡಿದ್ವಿ."

"ಯಾಂವ ಹೇಳ್ದ ಮುಗದೈತಿ ಅಂತ?" ಲಾಲಬಿ ಕಸಬರಿಗೆಯನ್ನು ಮೂಲೆಗೆ ಒಗೆದು ಸಂಗಣ್ಣನ ಕೈಯಿಂದ ಮಷಿನ್ ಕಿತ್ತುಕೊಂಡಳು. "ನಾ ಇನ್ನ ಇದ್ದೇನಲ್ಲ?"

ನಾವು ಬೆಂಚಿನ ಮೇಲೆ ಒಬ್ಬರಿಗೊಬ್ಬರು ಸರಿದು ಜಾಗ ಮಾಡಿಕೊಂಡು ಕುಳಿತೆವು.